ಚೈನ್ ಗಾಡಿಗೆ ಮರುಜನ್ಮ ಸಿಕ್ಕೀತೆ?

ಮಳೆಗೆ ಮುಂಚೆ ಕೆರೆ ಹೂಳೆತ್ತಲು ಹೋಗಬೇಕಾದ ಹಳೇ ಡಿ-80 ಬುಲ್‌ಡೋಜರ್ ಕೋಲಾರದ ಷೆಡ್ಡೊಂದರಲ್ಲಿ ಚೈನ್ ಬಿಚ್ಚಿಕೊಂಡು ಮಲಗಿದೆ. ಇಂಜಿನ್ ಗಟ್ಟಿಯಾಗಿದೆ. ಕೈಕೊಟ್ಟಿರೋದು ಕಾಲು!

ಈ ಗಾಡಿಯ ತವರು ನಮ್ಮ ಜಿಲ್ಲೆಯ ಕೆ.ಜಿ.ಎಫ್. 1964ರಲ್ಲಿ ಹುಟ್ಟಿದ ಬೆಮಲ್ ಸಂಸ್ಥೆ ಜಪಾನಿನ ಕೊಮಾಟ್ಸು ಕಂಪನಿಯ ಸಹಯೋಗದಲ್ಲಿ ಇದನ್ನು ತಯಾರಿಸಿತು. ಹಾಗಾಗಿ ಕೊಮಾಟ್ಸು ಅಳತೆಯ ಹಲವು ಬಿಡಿಭಾಗ ಇದಕ್ಕೂ ಹೊಂದುತ್ತವೆ. ಆದರೆ ಬರೀ ಹೆಸರು ಹೇಳಿ ತಂದರೆ ಕೆಟ್ಟಿರಿ. ಮಾಡೆಲ್, ಸೀರಿಯಲ್ ನಂಬರು, ಪಾರ್ಟ್ ನಂಬರು ಬರೆದುಕೊಂಡೇ ಗುಜರಿಗೆ ಹೋಗಬೇಕು.

ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕೆಂದಿಲ್ಲ. ಚೈನಿನ ಪಿನ್ನು, ಬುಷ್ಷು ಹೆಚ್ಚಾಗಿ ಒಂದೇ ಪಕ್ಕ ಸವೆಯುತ್ತವೆ. ಪ್ರೆಸ್ಸಿನಲ್ಲಿ ಕಳಚಿ, ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಇನ್ನೊಂದು ಪಕ್ಕ ದುಡಿಯುತ್ತದೆ. ಬುಷ್ಷು ತೀರಾ ತೆಳುವಾಗೋ ಮುಂಚೆ ಮಾಡಬೇಕು, ಅಷ್ಟೆ. ಸವೆದ ರೋಲರಿಗೆ ವೆಲ್ಡಿಂಗ್ ತುಂಬಿ ಲೇತಿನಲ್ಲಿ ಅಳತೆಗೆ ತರಬಹುದು. ಹಲ್ಲು ಚೂಪಾದ ಸ್ಪ್ರಾಕೆಟ್ಟಿನ ಮೇಲೆ ಮಾತ್ರ ಹೊಸ ಚೈನ್ ಹಾಕಬಾರದು, ಹೊಸದನ್ನೂ ತಿಂದುಹಾಕುತ್ತೆ.

ಮಾಲೀಕರಿಗೆ ಸಾಲದ ಕಂತು, ಡ್ರೈವರಿಗೆ ದಿನಗೂಲಿಯ ಚಿಂತೆ. ಮಳೆ ಕಾಯೋದಿಲ್ಲ ಸ್ವಾಮಿ! ಬಣ್ಣ ಆಮೇಲೆ ಬಳಿಯೋಣ, ದುಡ್ಡು ಮೊದಲು ಕಾಲಿಗೆ ಹಾಕಿ.