ಸದ್ದಿನ ಪೈಪೋಟಿ, ನಾದದ ಕಾಯಕ

ಮದುವೆಯೆಂಬುದು ಎರಡು ಮನೆತನಗಳನ್ನು ಬೆಸೆಯುವ ಮಂಗಳಕಾರ್ಯ. ಮಂಗಳಕಾರ್ಯಕ್ಕೆ ನಾದ ಬೇಕೆಂಬುದು ನಮ್ಮ ನಾಡಿನ ಬಹು ಹಳೆಯ ನಂಬಿಕೆ. ಹಳೆಯ ಮೈಸೂರು ಸೀಮೆಯಲ್ಲಿ ನಾದಸ್ವರ-ಡೋಲುಗಳ ವಾಲಗವಿಲ್ಲದೆ, ಉತ್ತರ ಕರ್ನಾಟಕದಲ್ಲಿ ಸನಾದಿ, ಕರಡಿ ಮಜಲು, ಹಲಗೆಗಳಿಲ್ಲದೆ ಮದುವೆ ನಡೆಯುತ್ತಿರಲಿಲ್ಲ. ಅನಂತರ ಬ್ಯಾಂಡ್ ಮೇಳ ಬಂದಿತು. ಈಗ ಡಿ.ಜೆ. ಬಂದಿದೆ. ಇದನ್ನು ಕಂಡು ಮುಖ ಸಿಂಡರಿಸುವ ಹಿರಿಯರೂ ಇದ್ದಾರೆ, ಇದಿಲ್ಲದೆ ಮದುವೆಯೇ ಬೇಡವೆನ್ನುವ ಕಿರಿಯರೂ ಇದ್ದಾರೆ. ನಾವು ಇಲ್ಲಿ ನಿಂದೆಗೂ ಹೊರಟಿಲ್ಲ, ಸ್ತುತಿಗೂ ಹೊರಟಿಲ್ಲ. ಒಂದೇ ಊರಿನಲ್ಲಿ ಹತ್ತಾರು ಮಂದಿ ಈ ವೃತ್ತಿಯನ್ನು ಹಿಡಿದಿರುವಾಗ ಒಬ್ಬನು ಇನ್ನೊಬ್ಬನಿಗಿಂತ ಮೇಲೆನಿಸುವುದು ಯಾವುದರಿಂದ ಎಂಬುದನ್ನಷ್ಟೇ ವಿಚಾರಿಸಬಯಸುತ್ತೇವೆ. ಈ ವಿಚಾರ ನಮ್ಮೆಲ್ಲರ ಮನೆಗೂ ಸಂಬಂಧಿಸಿದ್ದು; ಏಕೆಂದರೆ ಅವರ ಬೆಲೆ ಕಟ್ಟುವವರು ಅವರನ್ನು ಕರೆಸುವ ನಾವೇ.

ಡಿ.ಜೆ. ಎಂದರೆ ಡಿಸ್ಕ್ ಜಾಕಿ. ಹಾಡಿನ ತಟ್ಟೆಗಳನ್ನು ಆರಿಸಿ ನುಡಿಸುವ ವ್ಯಕ್ತಿ ಎಂದು ಅದರ ಮೂಲಾರ್ಥ. ತಟ್ಟೆಗಳು ಹೋಗಿ ಲ್ಯಾಪ್‌ಟಾಪು, ಪೆನ್‌ಡ್ರೈವುಗಳು ಬಂದರೂ ಹೆಸರು ಉಳಿಯಿತು. ಆದರೆ ನಮ್ಮ ಊರುಗಳಲ್ಲಿ ಆ ಹೆಸರಿನ ಅರ್ಥ ಪಲ್ಲಟವಾಗಿದೆ. ‘ಇವತ್ತು ಡಿ.ಜೆ. ಹಚ್ಚುತ್ತಾರೆ’ ಎಂದು ಯಾರಾದರೂ ಹೇಳಿದರೆ ಕೇಳುವವರ ಕಣ್ಣಮುಂದೆ ನಿಲ್ಲುವುದು ಮನುಷ್ಯನಲ್ಲ, ವಾಹನದ ಮೇಲೆ ಪೇರಿಸಿದ ಸ್ಪೀಕರ್ ಪೆಟ್ಟಿಗೆಗಳ ರಾಶಿ. ಮನುಷ್ಯನ ಹೆಸರು ಯಂತ್ರದ ಪಾಲಾಯಿತು. ಈ ವೃತ್ತಿಯ ಇಂದಿನ ಸಂಕಟವೆಲ್ಲ ಇದರಲ್ಲಿಯೇ ಅಡಗಿದೆಯೆಂದು ನಮಗೆ ತೋರುತ್ತದೆ.

ಯಂತ್ರವೇ ಡಿ.ಜೆ. ಎಂದಾದ ಮೇಲೆ ಪೈಪೋಟಿಯೂ ಯಂತ್ರದ್ದೇ ಆಗುತ್ತದೆ. ಒಬ್ಬನು ನಾಲ್ಕು ಪೆಟ್ಟಿಗೆ ತಂದರೆ ಮತ್ತೊಬ್ಬನು ಎಂಟು ತರುತ್ತಾನೆ, ಮೂರನೆಯವನು ಸಾಲ ಮಾಡಿ ಹದಿನಾರು ತರುತ್ತಾನೆ. ಆದರೆ ಧ್ವನಿಶಾಸ್ತ್ರದ ಲೆಕ್ಕವೇ ಬೇರೆ. ವಿದ್ಯುತ್ ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಧ್ವನಿಯ ಮಟ್ಟ ಏರುವುದು ಕೇವಲ 3 ಡೆಸಿಬೆಲ್. ಅಷ್ಟು ಏರಿಕೆ ಕಿವಿಗೆ ಅಲ್ಪವಾಗಿಯೇ ತಿಳಿಯುತ್ತದೆ. ಧ್ವನಿ ಎರಡು ಪಟ್ಟು ಜೋರಾಯಿತೆಂದು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಬೇಕಾಗುವ ಶಕ್ತಿ ಹತ್ತು ಪಟ್ಟು. ಹೀಗಾಗಿ ಸದ್ದಿನಿಂದಲೇ ಮುಂದೆ ಬರುತ್ತೇನೆಂದು ಹೊರಟ ತರುಣನಿಗೆ ಸಾಲ ಏರಿದಷ್ಟು ಸದ್ದು ಏರುವುದಿಲ್ಲ. ಎದುರಾಳಿಯೂ ಅದನ್ನೇ ಮಾಡಿದಾಗ ಇಬ್ಬರೂ ಮೊದಲಿದ್ದಲ್ಲಿಯೇ ನಿಲ್ಲುತ್ತಾರೆ; ಬಡ್ಡಿ ಮಾತ್ರ ಬೆಳೆಯುತ್ತದೆ.

ಇದರ ಪೆಟ್ಟು ಕೇಳುವವರ ಮೇಲೂ ಬೀಳುತ್ತದೆ. 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 100 ಡೆಸಿಬೆಲ್ ಆದರೆ ವಾರಕ್ಕೆ ಸುಮಾರು 20 ನಿಮಿಷ ಮಾತ್ರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಮೆರವಣಿಗೆಯಲ್ಲಿ ಪೆಟ್ಟಿಗೆಗಳಿಗೆ ಅಂಟಿಕೊಂಡೇ ಕುಣಿಯುವವರು ನಮ್ಮ ಮನೆಯ ಮಕ್ಕಳೇ ಅಲ್ಲವೆ? ಕೇಂದ್ರ ಸರ್ಕಾರದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬೆಲ್‌ಗಳ ಮಿತಿಯನ್ನು ಹೇಳಿವೆ. ಸರ್ಕಾರ ಹಬ್ಬಗಳಿಗೆಂದು ವಿನಾಯಿತಿ ಕೊಟ್ಟ ಕೆಲವು ದಿನಗಳನ್ನು ಬಿಟ್ಟರೆ, ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿದಿದೆ.

ಹಾಗಾದರೆ ಸದ್ದನ್ನು ಬಿಟ್ಟು ಮೇಲೆ ಬರುವ ದಾರಿ ಯಾವುದು? ಈ ವೃತ್ತಿಯಲ್ಲಿ ನೆಲೆಯೂರಿದವರ ರೀತಿಯನ್ನು ಗಮನಿಸಿದರೆ ಉತ್ತರ ದೊರೆಯುತ್ತದೆ. ಅವರ ಕೆಲಸ ಮದುವೆಯ ದಿನ ಆರಂಭವಾಗುವುದಿಲ್ಲ. ಎರಡು ವಾರ ಮೊದಲೇ ಮನೆಗೆ ಬಂದು ಕುಳಿತು, ಯಾವ ಘಳಿಗೆಗೆ ಯಾವ ಹಾಡು ಬೇಕೆಂದು ಕೇಳುತ್ತಾರೆ. ಯಾವುದು ಬೇಡವೆಂಬುದನ್ನೂ ಕೇಳಿ ಬರೆದುಕೊಳ್ಳುತ್ತಾರೆ. ಆ ಎರಡನೆಯ ಪಟ್ಟಿಯೇ ಮುಖ್ಯ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ, ಅಗಲಿದವರಿಗೆ ಪ್ರಿಯವಾಗಿದ್ದ ಹಾಡೊಂದು ಸಭೆಯಲ್ಲಿ ಥಟ್ಟನೆ ಕೇಳಿಬಂದರೆ ತಾಯಂದಿರ ಕಣ್ಣು ತುಂಬುವುದು. ಬೀಗರು ಬೆಳಗಾವಿಯ ಕಡೆಯವರಾದರೆ ಮರಾಠಿ ಹಾಡುಗಳು, ಬಳ್ಳಾರಿಯ ಕಡೆಯವರಾದರೆ ತೆಲುಗು ಹಾಡುಗಳು, ಅಜ್ಜ-ಅಜ್ಜಿಯರಿಗಾಗಿ ಹಳೆಯ ಕನ್ನಡ ಚಿತ್ರಗೀತೆಗಳು, ಹುಡುಗರಿಗೆ ಉತ್ತರ ಕರ್ನಾಟಕದ ಜಾನಪದ ಧಾಟಿಯ ಹೊಸ ಹಾಡುಗಳು ಅವರ ಸಂಗ್ರಹದಲ್ಲಿ ಸಿದ್ಧವಾಗಿರುತ್ತವೆ. ಎಲ್ಲರಲ್ಲಿಯೂ ದೊರೆಯುವ ಹಾಡುಗಳು ಅವೇ. ಯಾವುದು ಯಾರಿಗೆ, ಯಾವಾಗ ಎಂಬ ಅರಿವು ಮಾತ್ರ ಕೆಲವರಲ್ಲಿರುತ್ತದೆ.

ಪೆಟ್ಟಿಗೆಗಳನ್ನು ಇಡುವುದರಲ್ಲಿಯೂ ಜಾಣ್ಮೆಯುಂಟು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಎಲ್ಲ ಪೆಟ್ಟಿಗೆಗಳನ್ನೂ ಮುಂದೆಯೇ ಪೇರಿಸಿದರೆ ಕೊನೆಯ ಸಾಲಿಗೆ ಕೇಳಿಸಲೆಂದು ಮೊದಲ ಸಾಲಿನವರ ಕಿವಿಯನ್ನು ಬಲಿಗೊಡಬೇಕಾಗುತ್ತದೆ. ಬಲ್ಲವನು ಚಿಕ್ಕ ಪೆಟ್ಟಿಗೆಗಳನ್ನು ಅಲ್ಲಲ್ಲಿ ಹಂಚಿ ಇಡುತ್ತಾನೆ. ವೃದ್ಧರು ಕುಳಿತ ಕಡೆಗೆ ಧ್ವನಿ ತಗ್ಗಿಸುತ್ತಾನೆ. ಒಂದು ಯಂತ್ರ ಕೆಟ್ಟರೆ ಇರಲೆಂದು ಮತ್ತೊಂದನ್ನು, ಮೈಕಿಗೆ ಬೇರೆ ಬ್ಯಾಟರಿಗಳನ್ನು ಚೀಲದಲ್ಲಿ ತಂದಿರುತ್ತಾನೆ. ವಧೂವರರ ಹಾಗೂ ಹಿರಿಯರ ಹೆಸರುಗಳನ್ನು ಮೊದಲೇ ಕೇಳಿ ಕಲಿತು, ಮೈಕಿನಲ್ಲಿ ತಪ್ಪಿಲ್ಲದೆ ಉಚ್ಚರಿಸುತ್ತಾನೆ.

ಇನ್ನು ಕೈಚಳಕದ ಮಾತು. ಒಂದು ಹಾಡು ಸಭೆಗೆ ಕೇಳಿಸುತ್ತಿರುವಾಗಲೇ ಡಿ.ಜೆ. ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ತಾನೊಬ್ಬನೇ ಕೇಳಿಕೊಂಡು, ಎರಡರ ಲಯವನ್ನೂ ಸರಿಹೊಂದಿಸಿ, ಕುಣಿಯುವವರ ಹೆಜ್ಜೆ ತಪ್ಪದಂತೆ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾನೆ. ಒಂದು ಕಿವಿ ಯಂತ್ರದ ಕಡೆಗಿದ್ದರೆ ಎರಡೂ ಕಣ್ಣುಗಳು ಜನರ ಮೇಲಿರುತ್ತವೆ. ಕೇಳಿಸುವುದಕ್ಕಿಂತ ಮೊದಲು ಕೇಳಿಸಿಕೊಳ್ಳುವುದು ಅವನ ಕಸುಬು.

ಈ ಗುಣ ನಮಗೆ ಹೊಸದೇನಲ್ಲ. ಮಾಂಗಲ್ಯಧಾರಣೆಯ ಘಳಿಗೆಯನ್ನು ನೆನೆಯೋಣ. ವಾಲಗದವರು ಮೆಲುವಾಗಿ ನುಡಿಸುತ್ತ ಮಂಟಪದ ಕಡೆಗೇ ದೃಷ್ಟಿ ನೆಟ್ಟಿರುತ್ತಾರೆ. ಹಿರಿಯರೊಬ್ಬರು ಕೈಯೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎಂದೊಡನೆ ಡೋಲು ಮೊಳಗುತ್ತದೆ, ಅಕ್ಷತೆ ಬೀಳುತ್ತದೆ. ಅದುವರೆಗೆ ಮೆಲುವಾಗಿದ್ದುದರಿಂದಲೇ ಆ ಮೊಳಗಿಗೆ ಬೆಲೆ. ಮುಂಜಾನೆಯಿಂದಲೂ ಗಟ್ಟಿಮೇಳವೇ ಆಗಿದ್ದರೆ ಮಾಂಗಲ್ಯದ ಕ್ಷಣವನ್ನು ಯಾರು ಗುರುತಿಸುತ್ತಿದ್ದರು? ಎಲ್ಲಿ ತಗ್ಗಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ವಾಲಗದವರಿಂದ ಕಲಿತ ಡಿ.ಜೆ., ಅವರ ಎದುರಾಳಿಯಾಗುವುದಿಲ್ಲ. ಅವರ ಕುಲಬಂಧುವೇ ಆಗುತ್ತಾನೆ. ಮಂಟಪದಲ್ಲಿ ಅವರಿಗೆ ಜಾಗ ಬಿಟ್ಟು, ತನ್ನ ಸರದಿಯನ್ನು ಆರತಕ್ಷತೆಗೆ ಇರಿಸಿಕೊಳ್ಳುತ್ತಾನೆ.

ಆದರೆ ಇಂಥವನು ಬದುಕಬೇಕಾದರೆ ಅವನನ್ನು ಗುರುತಿಸುವ ಮನೆಗಳು ಬೇಕು. ಮುಂಗಡ ಕೊಡುವಾಗ ನಾವು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಪೆಟ್ಟಿಗೆ ತರುತ್ತೀ?’ ಎಂದಾದರೆ ಅವನು ಪೆಟ್ಟಿಗೆಯನ್ನೇ ತರುತ್ತಾನೆ. ‘ಮನೆಗೆ ಬಂದು ಮಾತನಾಡುತ್ತೀಯಾ, ಎಷ್ಟು ಹೊತ್ತಿಗೆ ಮುಗಿಸುತ್ತೀ, ಯಂತ್ರ ಕೆಟ್ಟರೆ ಏನು ಮಾಡುತ್ತೀ, ವಾಲಗದವರೊಡನೆ ಹೇಗೆ ಹೊಂದಿಕೊಳ್ಳುತ್ತೀ?’ ಎಂದು ಕೇಳಿದರೆ ಮನುಷ್ಯನೇ ಬರುತ್ತಾನೆ. ಒಪ್ಪಿದ ಸಮಯ, ಹಣ, ಹಾಡುಗಳ ಪಟ್ಟಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಇಬ್ಬರಿಗೂ ಹಿತ. ಹತ್ತು ಗಂಟೆಗೆ ಅವನು ನಿಲ್ಲಿಸಹೊರಟಾಗ ‘ಇನ್ನೊಂದು ಹಾಡು’ ಎಂದು ಅವನನ್ನು ಒತ್ತಾಯಿಸದಿರುವುದೂ ನಮ್ಮ ಕರ್ತವ್ಯವೇ. ದೂರು ಬಂದಾಗ ಠಾಣೆಯ ಮೆಟ್ಟಿಲು ಹತ್ತಬೇಕಾದವನು ಆ ಬಡಪಾಯಿ.

ಯಾವ ಕಾಯಕವೂ ಕೀಳಲ್ಲವೆಂದು ನಂಬಿ ಬಂದವರು ನಾವು. ಹಾಡು ನುಡಿಸಿ ಹೊಟ್ಟೆ ಹೊರೆಯುವ ತರುಣನ ದುಡಿಮೆಯನ್ನೂ ಕಾಯಕವೆಂದು ಕಾಣೋಣ; ಅವನಿಂದ ಸದ್ದನ್ನು ಬೇಡದೆ ನಾದವನ್ನು ಬೇಡೋಣ. ಬರುವ ಮದುವೆಯ ಕಾಲದಲ್ಲಿ ಮಗಳನ್ನು ಒಪ್ಪಿಸಿಕೊಡುವ ಹೊತ್ತಿಗೆ ತಾಯಿ ಮೆಲ್ಲನೆ ಆಡುವ ಬುದ್ಧಿಮಾತು ಆ ಮಗಳ ಕಿವಿಗೆ ಸ್ಪಷ್ಟವಾಗಿ ಬೀಳುವಂತಾದರೆ, ಆ ಮನೆಯವರು ಒಳ್ಳೆಯ ಡಿ.ಜೆ.ಯನ್ನು ಕರೆಸಿದ್ದಾರೆಂದೇ ತಿಳಿಯಬೇಕು.