ಭದ್ರಾವತಿಯ ಕುಲುಮೆ ಮತ್ತು ಯೂರೋಪಿನ ಪ್ರಾದೇಶಿಕ ನಿಧಿ

ಭದ್ರಾ ನದಿಯ ದಂಡೆಯಲ್ಲಿರುವ ಭದ್ರಾವತಿಯಲ್ಲಿ 1923ರ ಜನವರಿಯಲ್ಲಿ ಊದುಕುಲುಮೆ ಉರಿಯತೊಡಗಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ರೂಪುಗೊಂಡ ಈ ಯೋಜನೆಗೆ ಬಂಡವಾಳ ಹಾಕಿದ್ದು ಮೈಸೂರು ಸಂಸ್ಥಾನ. ಸರಿಯಾಗಿ ನೂರು ವರ್ಷಗಳ ನಂತರ, 2023ರ ಜನವರಿಯಲ್ಲಿ, ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಒಂದು ಭಾಗದ ಕೆಲಸ ಮತ್ತೆ ಆರಂಭವಾಯಿತು. ಸರ್ಕಾರದ ಹಣ ಒಂದು ಉದ್ಯಮವನ್ನು ಹುಟ್ಟಿಸಬಲ್ಲದು. ಆದರೆ ಆ ಉದ್ಯಮದ ತಂತ್ರಜ್ಞಾನ ಹಳತಾದಾಗ ಅದನ್ನೇ ನಂಬಿದ ಊರಿನ ಹೊಣೆ ಯಾರದು?

ಇದ್ದಿಲಿನಿಂದ ಕಬ್ಬಿಣ

ಅದಿರಿನಲ್ಲಿರುವ ಆಮ್ಲಜನಕವನ್ನು ಬೇರ್ಪಡಿಸಲು ಇಂಗಾಲ ಬೇಕು. ಸಾಮಾನ್ಯವಾಗಿ ಇದಕ್ಕೆ ಕಲ್ಲಿದ್ದಲಿನಿಂದ ತಯಾರಿಸಿದ ಕೋಕ್ ಬಳಸುತ್ತಾರೆ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಕಾಡು ಇತ್ತು, ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು. ಸೌದೆಯನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡಲಾಯಿತು. ಆಗ ಹೊರಬರುವ ಆವಿಯಿಂದ ಮೀಥೈಲ್ ಆಲ್ಕೊಹಾಲ್, ಅಸಿಟಿಕ್ ಆಮ್ಲ ಹಾಗೂ ಟಾರ್ ಕೂಡ ದೊರೆಯುತ್ತವೆ. ಜೋಗದ ಜಲವಿದ್ಯುತ್ ದೊರೆತ ಬಳಿಕ ವಿದ್ಯುತ್ ಕುಲುಮೆಗಳು ಬಂದವು. ಉಕ್ಕು ತಯಾರಿಕೆಗೆ ಆಸ್ಟ್ರಿಯದಲ್ಲಿ ರೂಪುಗೊಂಡ ಎಲ್.ಡಿ. ವಿಧಾನವೂ ಬಂತು. ಇಂತಹ ಪ್ರತಿಯೊಂದು ಬದಲಾವಣೆಗೂ ಹೊಸ ಬಂಡವಾಳ ಬೇಕಾಗುತ್ತದೆ. ಅದು ನಿಂತರೆ, ಜೊತೆಗೆ ಸ್ವಂತ ಗಣಿಯೂ ಇಲ್ಲವಾದರೆ, ಉತ್ಪಾದನಾ ವೆಚ್ಚ ಏರುತ್ತ ಹೋಗುತ್ತದೆ.

ಯೂರೋಪಿನ ಏರ್ಪಾಟು

ಯೂರೋಪಿನ ಅನೇಕ ಕಲ್ಲಿದ್ದಲು ಮತ್ತು ಉಕ್ಕಿನ ಪಟ್ಟಣಗಳು ಇದೇ ಸಂಕಟಕ್ಕೆ ಸಿಲುಕಿದ್ದವು. 1951ರ ಕಲ್ಲಿದ್ದಲು–ಉಕ್ಕು ಒಪ್ಪಂದದಲ್ಲೇ ಕೆಲಸ ಕಳೆದುಕೊಳ್ಳುವ ಕಾರ್ಮಿಕರ ಮರುತರಬೇತಿಗೆ ನೆರವು ನೀಡಲು ಅವಕಾಶವಿತ್ತು. 1975ರಲ್ಲಿ ಯೂರೋಪಿಯನ್ ಪ್ರಾದೇಶಿಕ ಅಭಿವೃದ್ಧಿ ನಿಧಿ ಆರಂಭವಾಯಿತು. ಇದರ ಹಂಚಿಕೆಯಲ್ಲಿ ಒಂದು ದೇಶದ ಸ್ಥಿತಿಯ ಜೊತೆಗೆ ಅದರೊಳಗಿನ ಪ್ರದೇಶಗಳ ಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ತಲಾ ಉತ್ಪನ್ನವು ಒಕ್ಕೂಟದ ಸರಾಸರಿಯ ಶೇ. 75ಕ್ಕಿಂತ ಕಡಿಮೆಯಿರುವ ಪ್ರದೇಶಗಳಿಗೆ ಹೆಚ್ಚು ಪಾಲು. 2021–27ರ ಅವಧಿಯಲ್ಲಿ ಅಂತಹ ಕಡೆ ಯೋಜನಾ ವೆಚ್ಚದ ಶೇ. 85ರವರೆಗೆ ನಿಧಿ ಭರಿಸಬಹುದು. ಉಳಿದದ್ದನ್ನು ಆ ದೇಶವೇ ಹಾಕಬೇಕು. ಮುಂದುವರಿದ ಪ್ರದೇಶಗಳಿಗೆ ಈ ಮಿತಿ ಸಾಮಾನ್ಯವಾಗಿ ಶೇ. 40.

ಹಣಕ್ಕೆ ಷರತ್ತುಗಳೂ ಇವೆ. ನಿಗದಿತ ವರ್ಷಗಳೊಳಗೆ ಬಳಸದ ಹಣ ಕೈತಪ್ಪುತ್ತದೆ. 2014ರಿಂದ ಸಂಶೋಧನೆ ಮತ್ತು ನವೀನ ತಂತ್ರಜ್ಞಾನಕ್ಕೆ ನೆರವು ಬೇಕಾದರೆ, ತನ್ನ ಬಲ ಯಾವುದೆಂದು ಪ್ರದೇಶವೇ ಮೊದಲು ಗುರುತಿಸಬೇಕು. ಅಲ್ಲಿನ ವಿಶ್ವವಿದ್ಯಾಲಯ ಮತ್ತು ಉದ್ಯಮಗಳು ಕೂಡಿ ಆ ಆಯ್ಕೆ ಮಾಡಬೇಕು. ಕಲ್ಲಿದ್ದಲಿನಂಥ ಉದ್ಯಮಗಳನ್ನು ಬಿಡಬೇಕಾದ ಪ್ರದೇಶಗಳಿಗೆಂದೇ 2021ರಲ್ಲಿ ಪ್ರತ್ಯೇಕ ನಿಧಿ ಬಂತು. ಹಣ ಬಂದ ಕಡೆಯಲ್ಲೆಲ್ಲ ಫಲ ಸಿಕ್ಕಿದೆ ಎಂದೇನೂ ಅಲ್ಲ. ದಶಕಗಳ ನೆರವಿನ ನಂತರವೂ ದಕ್ಷಿಣ ಇಟಲಿ ಉತ್ತರಕ್ಕಿಂತ ಹಿಂದೆಯೇ ಉಳಿದಿದೆ.

ನಮ್ಮಲ್ಲಿ

ನಮ್ಮಲ್ಲಿ ಹಣಕಾಸು ಆಯೋಗದ ಸೂತ್ರ ರಾಜ್ಯಗಳ ನಡುವಿನ ಅಂತರವನ್ನು ಅಳೆಯುತ್ತದೆ. ರಾಜ್ಯದೊಳಗಿನ ಅಸಮಾನತೆಯನ್ನು ಅಳೆದದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 2002ರ ಅದರ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅದರ ಸೂಚ್ಯಂಕ ಅಭಿವೃದ್ಧಿ ಎಷ್ಟಾಗಿದೆ ಎಂಬುದನ್ನು ತೋರಿಸುತ್ತದೆ. ಬೆಳೆದ ಉದ್ಯಮ ಕುಸಿಯುತ್ತಿರುವ ಊರಿನ ಕಷ್ಟ ಬೇರೆಯೇ. ಭದ್ರಾವತಿಯಲ್ಲಿ ಕುಸಿದದ್ದು ಉಕ್ಕೊಂದೇ ಅಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯೂ 2010ರ ದಶಕದಲ್ಲಿ ಉತ್ಪಾದನೆ ನಿಲ್ಲಿಸಿತು.

ಹಾಗಾಗಿ ಯೂರೋಪಿನಿಂದ ಕಲಿಯಬೇಕಾದದ್ದು ಹಣದ ಮೊತ್ತವನ್ನಲ್ಲ, ಲೆಕ್ಕ ಹಾಕುವ ರೀತಿಯನ್ನು. ಕಾರ್ಖಾನೆಯ ಲಾಭ–ನಷ್ಟ ಒಂದು ಲೆಕ್ಕ. ಕುಲುಮೆಯ ಕೆಲಸ ಬಲ್ಲ ಕೈಗಳು, ಪ್ರಯೋಗಾಲಯ, ರೈಲು, ನೀರು ಇವೆಲ್ಲ ಸೇರಿದ ಊರಿನದು ಇನ್ನೊಂದು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಊರಿನಲ್ಲಿ ಏನಿದೆ ಎಂದು ನೋಡಿ ತಂತ್ರಜ್ಞಾನವನ್ನು ಆರಿಸಲಾಯಿತು. ಇಂದೂ ಲೆಕ್ಕವನ್ನು ಅಲ್ಲಿಂದಲೇ ಆರಂಭಿಸಬೇಕಾಗಿದೆ.