ಯಂತ್ರಕ್ಕೆ ಮುಂಚೆ ಕರಾರು

ಕೃತಕ ಬುದ್ಧಿಯ ಯಂತ್ರಗಳು ಕಛೇರಿಗಳನ್ನೂ ಕಾರ್ಖಾನೆಗಳನ್ನೂ ಹೊಕ್ಕಿರುವ ಈ ದಿನಗಳಲ್ಲಿ ಎಲ್ಲಿ ನೋಡಿದರೂ ಎರಡೇ ಬಗೆಯ ಮಾತು ಕೇಳಿಬರುತ್ತಲಿದೆ. ಮನುಷ್ಯನ ದುಡಿಮೆಯ ಭಾರವೆಲ್ಲ ಇಳಿದು ಸುಭಿಕ್ಷವು ಬಂದೇಬಿಟ್ಟಿತೆಂದು ಕೆಲವರು ಹೇಳುತ್ತಾರೆ. ಕೋಟ್ಯಂತರ ಜನರ ಅನ್ನಕ್ಕೆ ಮಣ್ಣು ಬಿದ್ದಿತೆಂದು ಮತ್ತೆ ಕೆಲವರು ಗೋಳಿಡುತ್ತಾರೆ. ಈ ಎರಡು ಪಕ್ಷದವರೂ ಮಳೆಯನ್ನೋ ಬರಗಾಲವನ್ನೋ ಕುರಿತು ಮಾತನಾಡುವಂತೆ, ಯಂತ್ರವು ಆಕಾಶದಿಂದ ತಾನಾಗಿ ಇಳಿಯತಕ್ಕ ವಸ್ತುವೆಂಬಂತೆ ಮಾತನಾಡುತ್ತಿರುವುದು ನಮಗೆ ಸರಿದೋರದು. ಯಂತ್ರವು ತಾನಾಗಿ ಬರುವುದಿಲ್ಲ. ಯಾರೋ ಒಬ್ಬ ಯಜಮಾನನು ಒಂದು ದಿನ ಬೆಲೆ ಕೊಟ್ಟು ಅದನ್ನು ತರುತ್ತಾನೆ. ಅದನ್ನು ತಂದಿರಿಸುವ ಕೊಠಡಿಯಲ್ಲಿ ಅದುವರೆಗೆ ಕೆಲಸಮಾಡುತ್ತ ಕುಳಿತಿದ್ದವರಿಗೆ ಆ ದಿನಕ್ಕೆ ಮುಂಚಿತವಾಗಿ ಏನು ತಿಳಿಸಲಾಗಿತ್ತು, ಅವರೊಡನೆ ಯಾವ ಒಡಂಬಡಿಕೆಯಾಗಿತ್ತು ಎಂಬುದರ ಮೇಲೆ ಅವರ ಸಂಸಾರಗಳ ಗತಿಯು ನಿಂತಿರುತ್ತದೆ. ಇದಕ್ಕೆ ಸಾಕ್ಷಿಯನ್ನು ನಾವು ದೂರ ಹುಡುಕಬೇಕಾದುದಿಲ್ಲ. ಪತ್ರಿಕಾವೃತ್ತಿಯ ಚರಿತ್ರೆಯಲ್ಲಿಯೇ ಅದು ಬೇಕಾದಷ್ಟಿದೆ.

೧೮೮೬ರಲ್ಲಿ ಓಟ್‌ಮಾರ್ ಮೆರ್ಗೆಂಥಾಲರ್ ಎಂಬಾತನು ರಚಿಸಿದ ಲೈನೋಟೈಪ್ ಯಂತ್ರವು ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಕಛೇರಿಯಲ್ಲಿ ಕೆಲಸಕ್ಕೆ ಆರಂಭಿಸಿತು. ಅದಕ್ಕೆ ಮೊದಲು ಒಂದೊಂದಾಗಿ ಮೊಳೆಗಳನ್ನು ಕೈಯಿಂದ ಜೋಡಿಸಬೇಕಾಗಿದ್ದ ಸಾಲನ್ನು, ಈ ಯಂತ್ರವು ಕರಗಿದ ಸೀಸದಿಂದ ಒಮ್ಮೆಗೇ ಎರಕಹೊಯ್ದು ಕೊಡುತ್ತಿದ್ದಿತು. ಮೊದಮೊದಲು ಕೆಲಸ ಕಳೆದುಕೊಂಡವರಿದ್ದರು, ನಿಜ. ಆದರೆ ಆ ಯಂತ್ರದ ಮುಂದೆ ಕೂರತಕ್ಕವರು ಮುದ್ರಣದ ಕಸಬು ಕಲಿತವರೇ ಆಗಿರಬೇಕೆಂದು ಅಮೆರಿಕದ ಮುದ್ರಣಕಾರರ ಸಂಘವು ಹಟ ಹಿಡಿದು ಸಾಧಿಸಿತು. ಅಗ್ಗವಾದ ಪತ್ರಿಕೆಗಳು ಹೆಚ್ಚಿದವು, ಪುಟಗಳು ಹೆಚ್ಚಿದವು, ಕೆಲಸವೂ ಹೆಚ್ಚಿತು.

ಮುಂದೆ ಮುಕ್ಕಾಲು ಶತಮಾನ ಕಳೆದ ಬಳಿಕ ಲೈನೋಟೈಪಿಗೇ ಮುಪ್ಪು ಬಂದಿತು. ಗಣಕಯಂತ್ರದಿಂದ ಅಕ್ಷರ ಜೋಡಿಸುವ ಉಪಾಯವು ಕಾಣಿಸಿಕೊಂಡೊಡನೆ ನ್ಯೂಯಾರ್ಕಿನ ಮುದ್ರಣಕಾರರು ಅದರ ಅರ್ಥವನ್ನು ಗ್ರಹಿಸಿದರು. ೧೯೬೨ರ ಡಿಸೆಂಬರಿನಲ್ಲಿ ಅವರು ಹೂಡಿದ ಮುಷ್ಕರವು ೧೧೪ ದಿನ ನಡೆಯಿತು. ಅದರಿಂದ ಪತ್ರಿಕೆಗಳಿಗೂ ನಷ್ಟ, ಕೆಲಸಗಾರರಿಗೂ ನಷ್ಟ. ಡೈಲಿ ಮಿರರ್ ಪತ್ರಿಕೆಯು ೧೯೬೩ರಲ್ಲಿಯೇ ಕಣ್ಣುಮುಚ್ಚಿತು. ಈ ಪೆಟ್ಟಿನಿಂದ ಬುದ್ಧಿ ಕಲಿತ ಎರಡು ಪಕ್ಷದವರೂ ೧೯೭೪ರಲ್ಲಿ ಒಂದು ಕರಾರಿಗೆ ಬಂದರು. ನ್ಯೂಯಾರ್ಕ್ ಟೈಮ್ಸ್ ಮತ್ತು ಡೈಲಿ ನ್ಯೂಸ್ ಪತ್ರಿಕೆಗಳ ಯಜಮಾನರು ತಮಗೆ ಬೇಕಾದ ಯಂತ್ರವನ್ನು ತರಬಹುದು. ಅದಕ್ಕೆ ಪ್ರತಿಯಾಗಿ, ಆಗ ಕಾಯಂ ಆಗಿದ್ದ ಮುದ್ರಣಕಾರರಿಗೆ ಅವರ ಜೀವಮಾನವಿಡೀ ಕೆಲಸದ ಭರವಸೆ ಕೊಡತಕ್ಕದ್ದು. ೧೯೭೮ರ ಜುಲೈ ೧ರ ರಾತ್ರಿ ಟೈಮ್ಸ್ ಪತ್ರಿಕೆಯು ಕಾದ ಸೀಸದಿಂದ ಕೊನೆಯ ಸಲ ಹೊರಬಂದಿತು. ಅಲ್ಲಿಯೇ ಪ್ರೂಫು ತಿದ್ದುತ್ತಿದ್ದ ಡೇವಿಡ್ ಲೋಬ್ ವೈಸ್ ಎಂಬವರು ಆ ರಾತ್ರಿಯನ್ನು ಚಲನಚಿತ್ರವಾಗಿ ಹಿಡಿದಿಟ್ಟಿದ್ದಾರೆ. ವೃದ್ಧರಾದ ಕೆಲಸಗಾರರು ತಮ್ಮ ಯಂತ್ರಗಳನ್ನು ಬಿಟ್ಟೇಳುವ ಆ ದೃಶ್ಯದಲ್ಲಿ ದುಃಖವಿದೆ. ಆದರೆ ನಾಳೆಯ ಊಟಕ್ಕೇನು ಎಂಬ ಭೀತಿಯಿಲ್ಲ.

ಇನ್ನು ಲಂಡನ್ನಿನ ಕಥೆಯನ್ನು ಕೇಳಬೇಕು. ಟೈಮ್ಸ್, ಸನ್ ಮುಂತಾದ ನಾಲ್ಕು ಪತ್ರಿಕೆಗಳ ಒಡೆಯರಾದ ರೂಪರ್ಟ್ ಮರ್ಡೋಕರು ವಾಪಿಂಗ್ ಎಂಬಲ್ಲಿ ಹೊಸ ಮುದ್ರಣಾಲಯವೊಂದನ್ನು ಗುಟ್ಟಾಗಿ ಸಜ್ಜುಗೊಳಿಸಿದರು. ೧೯೮೬ರ ಜನವರಿಯಲ್ಲಿ ಮುದ್ರಣಕಾರರು ಮುಷ್ಕರಕ್ಕಿಳಿದೊಡನೆ ಸುಮಾರು ೫,೫೦೦ ಮಂದಿಯನ್ನು ಒಟ್ಟಿಗೆ ವಜಾ ಮಾಡಲಾಯಿತು. ಪತ್ರಿಕೆಗಳು ಹೊಸ ಸ್ಥಳದಿಂದ ಹೊರಟವು. ವರ್ಷಕ್ಕೂ ಮೇಲ್ಪಟ್ಟು ಮುಳ್ಳುತಂತಿಯ ಮುಂದೆ ಹೊಡೆದಾಟ, ಪೋಲೀಸರ ಕುದುರೆಗಳು, ಬಂಧನಗಳು. ೧೯೮೭ರ ಫೆಬ್ರವರಿಯಲ್ಲಿ ಸಂಘಗಳು ಸೋತು ಹಿಂದೆಗೆದವು. ಲಂಡನ್ನಿನ ಸಂಘಗಳವರು ಸಾಧುಗಳಾಗಿದ್ದರೆಂದು ನಾವು ಹೇಳಲಾರೆವು. ಅನಾವಶ್ಯಕ ಹುದ್ದೆಗಳನ್ನು ಕಾದಿಟ್ಟುಕೊಂಡು ಯಾವ ಮಾರ್ಪಾಟಿಗೂ ಒಪ್ಪದ ಮೊಂಡುತನವು ಅವರಲ್ಲಿ ಧಾರಾಳವಾಗಿದ್ದಿತು. ಮಾತುಕತೆಯ ಕಾಲವನ್ನು ಅವರು ಹಾಳುಮಾಡಿಕೊಂಡರು, ಯಜಮಾನನು ಆ ಸಮಯವನ್ನು ಗೋಡೆ ಕಟ್ಟುವುದಕ್ಕೆ ಉಪಯೋಗಿಸಿಕೊಂಡನು.

ವಿದ್ಯೆಯು ಎರಡು ನಗರಗಳಲ್ಲಿಯೂ ಹೆಚ್ಚುಕಡಮೆ ಒಂದೇ ಬಗೆಯದು. ನ್ಯೂಯಾರ್ಕಿನಲ್ಲಿ ಅದರ ಖರ್ಚನ್ನು ಯಜಮಾನನ ಲಾಭದೊಳಗಿನಿಂದ ಕೊಡಲಾಯಿತು. ಲಂಡನ್ನಿನಲ್ಲಿ ಕೆಲಸಗಾರನ ಮನೆಯ ಅಡಿಗೆಕೋಣೆಯಿಂದ ಕೊಡಲಾಯಿತು. ನ್ಯೂಯಾರ್ಕಿನ ಕರಾರು ಆ ಕಸಬನ್ನು ಉಳಿಸಿತೆಂದು ಯಾರೂ ತಿಳಿಯಬಾರದು. ಹೊಸಬರನ್ನು ಸೇರಿಸಿಕೊಳ್ಳಲಿಲ್ಲ, ೧೮೫೨ರಲ್ಲಿ ಹುಟ್ಟಿದ ಆ ಮುದ್ರಣಕಾರರ ಸಂಘವೇ ೧೯೮೬ರ ಕೊನೆಯಲ್ಲಿ ಬೇರೊಂದು ಸಂಘದಲ್ಲಿ ಲೀನವಾಯಿತು. ಕಸಬು ಸತ್ತಿತು, ಕಸಬುದಾರನು ಬದುಕಿದನು. ಇಷ್ಟನ್ನು ಮಾತ್ರ ಕರಾರು ಸಾಧಿಸಬಲ್ಲದು, ಇಷ್ಟು ಸಣ್ಣ ಸಂಗತಿಯೇನೂ ಅಲ್ಲ.

ನಮ್ಮ ನಾಡಿನ ಅಚ್ಚುಕೂಟಗಳಲ್ಲಿ ನಡೆದುದೇನು? ಇಂಗ್ಲಿಷಿನ ಲೈನೋಟೈಪಿಗೆ ೯೦ ಕೀಲಿಗಳು ಸಾಕು. ಕನ್ನಡಕ್ಕೆ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಮೊಳೆಗಳು ಬೇಕು. ಆದುದರಿಂದ ನಮ್ಮಲ್ಲಿ ಕೈಜೋಡಣೆಯು ಬಹುಕಾಲ ಉಳಿಯಿತು. ಕಂಪೋಸಿಟರನು ಕೇಸಿನ ಮುಂದೆ ನಿಂತು, ಕಣ್ಣಿನಿಂದ ಹಸ್ತಪ್ರತಿಯನ್ನು ಓದುತ್ತ, ಯಾವ ಖಾನೆಯಲ್ಲಿ ಯಾವ ಅಕ್ಷರವಿದೆಯೆಂದು ಬೆರಳಿನಿಂದಲೇ ಬಲ್ಲವನಾಗಿದ್ದನು. ನಮ್ಮ ಮುದ್ರಣಾಲಯದಲ್ಲಿದ್ದ ಒಬ್ಬ ಹಿರಿಯರು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುವ ಮೊಳೆಯ ಸಾಲನ್ನು ನಾವು ನೇರವಾದ ಸಾಲನ್ನು ಓದುವುದಕ್ಕಿಂತ ಬೇಗನೆ ಓದುತ್ತಿದ್ದರು. ಸಂಪಾದಕರ ಕಾಗುಣಿತದ ತಪ್ಪುಗಳನ್ನು ಕೇಳದೆಯೇ ತಿದ್ದುತ್ತಿದ್ದರು. ಹುಡುಗರನ್ನು ಮೊದಲು ಕೂರಿಸುತ್ತಿದ್ದುದು ಜೋಡಣೆಗಲ್ಲ. ಅಚ್ಚಾದ ಮೊಳೆಗಳನ್ನು ಮರಳಿ ಅವವುಗಳ ಖಾನೆಗೆ ಹಂಚುವ ಕೆಲಸಕ್ಕೆ. ಬೇಸರದ ಕೆಲಸವೇ ಸರಿ, ಆದರೆ ಅದರಿಂದಲೇ ಹುಡುಗನ ಕೈಗೆ ಅಕ್ಷರಗಳ ಮನೆ ಗೊತ್ತಾಗುತ್ತಿದ್ದಿತು. ಗಣಕಯಂತ್ರವು ಬಂದ ಮೇಲೆ ಈ ಕೇಸುಗಳೆಲ್ಲ ಗುಜರಿಯವನ ಪಾಲಾದವು. ದೊಡ್ಡ ಪತ್ರಿಕೆಗಳಲ್ಲಿ ಕೆಲವರಿಗೆ ಬೇರೆ ಕೆಲಸ ಕೊಟ್ಟುದುಂಟು. ಸಣ್ಣ ಅಚ್ಚುಕೂಟಗಳಲ್ಲಿ ಕರಾರೆಂಬ ಮಾತೇ ಇರಲಿಲ್ಲ.

ಈಗ ಬಂದಿರುವ ಯಂತ್ರವು ಕೈಯ ಕೆಲಸಕ್ಕಲ್ಲ, ಬರವಣಿಗೆಗೇ ಕೈಹಾಕಿದೆ. ೨೦೨೨ರ ನವೆಂಬರ್ ೩೦ರಂದು ಚಾಟ್‌ಜಿಪಿಟಿಯು ಸಾರ್ವಜನಿಕರಿಗೆ ದೊರೆತಂದಿನಿಂದ ಪತ್ರಗಳಿಗೆ ಉತ್ತರ, ಕಡತದ ಸಾರಾಂಶ, ಭಾಷಾಂತರ, ಲೆಕ್ಕದ ತಖ್ತೆ, ಗಣಕಕ್ಕೆ ಬೇಕಾದ ಆಜ್ಞಾಲೇಖನ ಇವೆಲ್ಲವನ್ನೂ ಯಂತ್ರವು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತಿದೆ. ಇದರ ವಿದ್ಯೆಯಾದರೂ ಎಲ್ಲಿಂದ ಬಂದಿತು? ಮನುಷ್ಯರು ಬರೆದಿಟ್ಟ ಅಪಾರ ರಾಶಿಯನ್ನು ಓದಿಸಿ, ಯಾವ ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಅದಕ್ಕೆ ಅಭ್ಯಾಸಮಾಡಿಸಿದ್ದಾರೆ. ಹೀಗೆ ಓದಿಸಿದ್ದಕ್ಕೆ ಅಪ್ಪಣೆ ಪಡೆದಿರಲಿಲ್ಲವೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ ೨೦೨೩ರ ಡಿಸೆಂಬರಿನಲ್ಲಿ ಓಪನ್‌ಎಐ ಸಂಸ್ಥೆಯ ಮೇಲೆ ದಾವೆ ಹೂಡಿತು. ಕೆಲಸಗಾರನ ಹಳೆಯ ದುಡಿಮೆಯನ್ನೇ ಬಂಡವಾಳವಾಗಿಟ್ಟುಕೊಂಡು ಅವನ ಹೊಸ ದುಡಿಮೆಗೆ ಪೈಪೋಟಿ ನಿಲ್ಲುವ ಯಂತ್ರವು ಲೈನೋಟೈಪಿನಂತಹದಲ್ಲ.

ಭವಿಷ್ಯ ಹೇಳುವವರ ಮಾತನ್ನು ಮಾತ್ರ ನಂಬತಕ್ಕದ್ದಲ್ಲ. ಈ ಶಾಸ್ತ್ರದ ಪಿತಾಮಹರಲ್ಲೊಬ್ಬರಾಗಿ ೨೦೨೪ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಜೆಫ್ರಿ ಹಿಂಟನ್ನರು, ಕ್ಷಕಿರಣದ ಚಿತ್ರ ನೋಡುವ ವೈದ್ಯರನ್ನು ತರಬೇತುಮಾಡುವುದನ್ನೇ ಇನ್ನು ನಿಲ್ಲಿಸಬೇಕೆಂದು ೨೦೧೬ರಲ್ಲಿ ಹೇಳಿದ್ದರು. ಐದು ವರ್ಷದೊಳಗೆ ಯಂತ್ರವು ಅವರನ್ನು ಮೀರಿಸುವುದೆಂದು ಅವರ ಎಣಿಕೆ. ಅನೇಕ ದೇಶಗಳಲ್ಲಿ ಇಂದಿಗೂ ಆ ವೈದ್ಯರ ಕೊರತೆಯೇ ಇದೆ. ಸ್ವೀಡನ್ನಿನ ಕ್ಲಾರ್ನಾ ಎಂಬ ಸಾಲದ ಸಂಸ್ಥೆಯು ತನ್ನ ಯಂತ್ರವು ೭೦೦ ಮಂದಿಯ ಕೆಲಸ ಮಾಡುತ್ತಿದೆಯೆಂದು ೨೦೨೪ರಲ್ಲಿ ಸಾರಿತು. ಮರುವರ್ಷ ಗಿರಾಕಿಗಳೊಡನೆ ಮಾತನಾಡಲು ಮನುಷ್ಯರೇ ಬೇಕೆಂದು ಮತ್ತೆ ಹುಡುಕತೊಡಗಿತು.

ನಮ್ಮನ್ನು ಹೆಚ್ಚಾಗಿ ಕಾಡುವುದು ಹೊಸಬರ ವಿಚಾರ. ಯಂತ್ರವು ಮೊಟ್ಟಮೊದಲು ಕಸಿದುಕೊಳ್ಳುವುದು ನುರಿತವನ ಕೆಲಸವನ್ನಲ್ಲ, ಕಲಿಯುವವನ ಕೆಲಸವನ್ನು. ಕಿರಿಯ ವಕೀಲನ ನಕಲು, ಕಿರಿಯ ಗುಮಾಸ್ತೆಯ ಟಿಪ್ಪಣಿ, ಕಿರಿಯ ಎಂಜಿನಿಯರನ ಸಣ್ಣಪುಟ್ಟ ತಿದ್ದುಪಡಿ ಇವೆಲ್ಲ ಹಿಂದೆ ಹೇಳಿದ ಮೊಳೆ ಹಂಚುವ ಕೆಲಸಗಳೇ. ಅವನ್ನು ತೆಗೆದುಹಾಕಿದರೆ ಈ ವರ್ಷ ಸಂಬಳದ ಖರ್ಚು ಉಳಿಯುತ್ತದೆ. ಇಪ್ಪತ್ತು ವರ್ಷದ ಮೇಲೆ, ಯಂತ್ರವು ಬರೆದುದು ತಪ್ಪೋ ಸರಿಯೋ ಎಂದು ನೋಡಿ ಹೇಳತಕ್ಕ ಹಿರಿಯನು ಎಲ್ಲಿಂದ ಬರಬೇಕು? ಕನ್ನಡದ ಮಟ್ಟಿಗೆ ಈ ಪ್ರಶ್ನೆಯು ಇನ್ನೂ ತೀವ್ರವಾದುದು. ಇಂಗ್ಲಿಷನ್ನು ರಾಶಿರಾಶಿಯಾಗಿ ಓದಿರುವ ಯಂತ್ರವು ಕನ್ನಡವನ್ನು ಓದಿರುವುದು ಅತ್ಯಲ್ಪ. ಅದು ಬರೆಯುವ ಕನ್ನಡದಲ್ಲಿ ಅಕ್ಷರಗಳು ಕನ್ನಡದವಾದರೂ ವಾಕ್ಯದ ನಡಗೆಯು ಅನೇಕ ವೇಳೆ ಇಂಗ್ಲಿಷಿನದೇ ಆಗಿರುತ್ತದೆ. ಸರ್ಕಾರಿ ಆಜ್ಞೆಗಳನ್ನು ಭಾಷಾಂತರಿಸುವವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

ಇಂತಹ ಯಂತ್ರದೊಡನೆಯೂ ಕರಾರು ಸಾಧ್ಯವೇ ಎಂದು ಕೇಳುವವರಿಗೆ ಹಾಲಿವುಡ್ಡಿನ ಚಿತ್ರಲೇಖಕರು ಉತ್ತರ ಕೊಟ್ಟಿದ್ದಾರೆ. ೨೦೨೩ರ ಮೇ ೨ರಿಂದ ಸೆಪ್ಟೆಂಬರ್ ೨೭ರವರೆಗೆ, ೧೪೮ ದಿನ, ಸುಮಾರು ೧೧,೫೦೦ ಮಂದಿ ಲೇಖನಿಯನ್ನು ಕೆಳಗಿಟ್ಟರು. ಯಂತ್ರವನ್ನು ನಿಷೇಧಿಸಬೇಕೆಂದು ಅವರು ಪಟ್ಟುಹಿಡಿಯಲಿಲ್ಲ. ಯಂತ್ರವನ್ನು ಲೇಖಕನೆಂದು ಎಣಿಸತಕ್ಕದ್ದಲ್ಲ. ಅದನ್ನು ಉಪಯೋಗಿಸಲೇಬೇಕೆಂದು ಲೇಖಕನನ್ನು ಬಲಾತ್ಕರಿಸತಕ್ಕದ್ದಲ್ಲ. ಯಂತ್ರದ ಬರಹವನ್ನು ತಿದ್ದಲು ಕೊಡುವಾಗ ಅದು ಯಂತ್ರದ್ದೆಂಬುದನ್ನು ಮುಚ್ಚಿಡತಕ್ಕದ್ದಲ್ಲ. ಈ ಷರತ್ತುಗಳನ್ನು ನಿರ್ಮಾಪಕರು ಒಪ್ಪಿ ರುಜು ಹಾಕಿದರು.

ನಮ್ಮ ದೇಶದಲ್ಲಿಯೂ ಈ ಮಾರ್ಗವು ಅಪರಿಚಿತವಲ್ಲ. ೧೯೮೩ರಲ್ಲಿ ಬ್ಯಾಂಕು ನೌಕರರ ಸಂಘಗಳಿಗೂ ಬ್ಯಾಂಕುಗಳ ಆಡಳಿತದವರಿಗೂ ಯಂತ್ರೀಕರಣದ ವಿಷಯವಾಗಿ ಒಪ್ಪಂದವಾಗಿ, ಎಂತಹ ಯಂತ್ರಗಳನ್ನು ಎಷ್ಟರಮಟ್ಟಿಗೆ ತರಬಹುದೆಂದು ನಿಷ್ಕರ್ಷೆಯಾಯಿತು. ಅಂದು ಆ ಸಂಘಗಳನ್ನು ಪ್ರಗತಿವಿರೋಧಿಗಳೆಂದು ಹೀಯಾಳಿಸಿದವರುಂಟು. ಆದರೆ ೨೦೦೦–೦೧ರಲ್ಲಿ ಸುಮಾರು ಒಂದು ಲಕ್ಷ ಬ್ಯಾಂಕು ನೌಕರರು ಹೊರಹೋದುದು ಬರಿಗೈಯಲ್ಲಲ್ಲ. ಸ್ವಯಂನಿವೃತ್ತಿಯ ಪರಿಹಾರದ್ರವ್ಯವನ್ನು ಪಡೆದು.

ಬೆಂಗಳೂರಿನ ತಂತ್ರಾಂಶ ಕಚೇರಿಗಳ ತರುಣರಿಗೆ ಈ ಬಗೆಯ ಆಸರೆ ಎಷ್ಟಿದೆಯೆಂದು ನೋಡಿದರೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ. ೨೦೨೫ರ ಜುಲೈಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಸಂಸ್ಥೆಯು ದೇಶವಿದೇಶಗಳಲ್ಲಿರುವ ತನ್ನ ನೌಕರರಲ್ಲಿ ನೂರಕ್ಕೆ ಸುಮಾರು ೨ರಂತೆ, ೧೨,೦೦೦ಕ್ಕೆ ಮೇಲ್ಪಟ್ಟ ಮಂದಿಯನ್ನು ಕಡಮೆಮಾಡುವುದಾಗಿ ಪ್ರಕಟಿಸಿತು. ಕೃತಕ ಬುದ್ಧಿಯು ಇದಕ್ಕೆ ಕಾರಣವಲ್ಲ, ಹೊಸ ಕೆಲಸಕ್ಕೆ ಹೊಂದದ ಕೌಶಲವೇ ಕಾರಣವೆಂದು ಅದರ ಮುಖ್ಯಾಧಿಕಾರಿಗಳು ಹೇಳಿದರು. ಕಾರಣವು ಯಾವುದೇ ಆಗಲಿ, ಕೆಲಸದ ವೇಳೆ, ವಜಾ, ಅಹವಾಲು ಮುಂತಾದವುಗಳನ್ನು ಬರಹದಲ್ಲಿ ಗೊತ್ತುಮಾಡತಕ್ಕ ೧೯೪೬ರ ಸ್ಥಾಯೀ ಆದೇಶಗಳ ಕಾಯಿದೆಯಿಂದ ಈ ಉದ್ಯಮಕ್ಕೆ ಕೊಟ್ಟಿದ್ದ ವಿನಾಯಿತಿಯನ್ನು ಕರ್ನಾಟಕ ಸರ್ಕಾರದವರು ೨೦೨೪ರಲ್ಲಿ ಇನ್ನೂ ಐದು ವರ್ಷ ಮುಂದುವರಿಸಿದರು. ಯಂತ್ರದ ಸುದ್ದಿಯು ಮನೆಬಾಗಿಲಿಗೆ ಬಂದಿದ್ದ ಕಾಲದಲ್ಲಿ ಇದ್ದ ಬೇಲಿಯನ್ನು ಕಿತ್ತಿಡುವುದು ಎಂತಹ ವಿವೇಕವೋ ನಾವರಿಯೆವು.

ಹಾಗೆಂದು ಶಾಸನವು ಪೂರ್ತಿಯಾಗಿ ಮೂಕವಾಗಿಲ್ಲ. ಸುಧಾರಿತ ಯಂತ್ರವನ್ನೋ ವಿಧಾನವನ್ನೋ ತರುವುದರಿಂದ ಕೆಲಸಗಾರರನ್ನು ತೆಗೆಯಬೇಕಾಗುವ ಸಂಭವವಿದ್ದರೆ ೨೧ ದಿನ ಮೊದಲು ನೋಟೀಸು ಕೊಡಬೇಕೆಂಬ ವಿಧಿಯು ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಗೆ ಸೇರಿದ್ದಿತು. ಆ ಕಾಯಿದೆಯ ಬದಲಾಗಿ ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ತೆಗೆದುಹಾಕಲ್ಪಟ್ಟವನ ಮರುತರಬೇತಿಗಾಗಿ ೧೫ ದಿನದ ಸಂಬಳವನ್ನು ಯಜಮಾನನು ನಿಧಿಗೆ ಕೊಡಬೇಕೆಂದೂ ವಿಧಿಸಿದೆ. ಆದರೆ ಮೇಲ್ವಿಚಾರಕ, ಆಡಳಿತಗಾರ ಎಂಬ ಲೆಕ್ಕಕ್ಕೆ ಸೇರಿದವರು ಈ ರಕ್ಷಣೆಯ ಹೊರಗಿದ್ದಾರೆ. ರಾಜೀನಾಮೆಯೆಂದು ಬರೆಸಿಕೊಂಡು ಕಳುಹಿಸಿದವನಿಗಂತೂ ಯಾವ ನೋಟೀಸೂ ಇಲ್ಲ, ಯಾವ ನಿಧಿಯೂ ಇಲ್ಲ. ಹದಿನೈದು ದಿನದ ಸಂಬಳದಲ್ಲಿ ನಲವತ್ತೈದು ವರ್ಷದ ಗೃಹಸ್ಥನು ಯಾವ ಹೊಸ ವಿದ್ಯೆಯನ್ನು ಕಲಿಯಬಹುದೆಂಬುದನ್ನು ಸಂಹಿತೆಯನ್ನು ರಚಿಸಿದವರೇ ಹೇಳಬೇಕು.

ಹೀಗೆಲ್ಲ ಕರಾರುಗಳನ್ನು ಹೇರಿದರೆ ಉದ್ಯಮವು ಊರು ಬಿಟ್ಟು ಹೋಗುವುದೆಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಅಮೆರಿಕದ ಪಶ್ಚಿಮ ತೀರದ ಬಂದರುಗಳಲ್ಲಿ ೧೯೬೦ರಲ್ಲಿ ಇದೇ ಮಾತನ್ನು ಪರೀಕ್ಷೆಮಾಡಿ ನೋಡಿದ್ದಾಗಿದೆ. ಹಡಗಿನ ಸರಕನ್ನು ಪೆಟ್ಟಿಗೆಗಳಲ್ಲಿ ತುಂಬಿ ಯಂತ್ರದಿಂದ ಎತ್ತಿಳಿಸುವ ಪದ್ಧತಿಯು ಬರುತ್ತಿದ್ದಾಗ, ಹ್ಯಾರಿ ಬ್ರಿಜಸರ ಮುಂದಾಳುತನದ ಹಮಾಲರ ಸಂಘವು ಯಂತ್ರಕ್ಕೆ ಒಪ್ಪಿತು. ಯಜಮಾನರು ವರ್ಷಕ್ಕೆ ೫೦ ಲಕ್ಷ ಡಾಲರುಗಳನ್ನು ನಿಧಿಗೆ ಕೊಟ್ಟು, ಕಾಯಂ ನೋಂದಣಿಯಾದವರನ್ನು ತೆಗೆಯುವುದಿಲ್ಲವೆಂದು ಒಪ್ಪಿದರು. ಆ ತೀರದ ಓಕ್ಲೆಂಡ್ ಬಂದರು ಬಡವಾಗಲಿಲ್ಲ, ಪೆಟ್ಟಿಗೆ ವ್ಯಾಪಾರದಲ್ಲಿ ಮುಂದಾಳಾಯಿತು.

ಖಾಸಗಿಯವರಿಗೆ ಬುದ್ಧಿ ಹೇಳುವುದಕ್ಕೆ ಮೊದಲು ಸರ್ಕಾರದವರು ತಮ್ಮ ದಫ್ತರುಗಳಿಂದ ಆರಂಭಿಸಲಿ. ಟಿಪ್ಪಣಿಗೆ, ಭಾಷಾಂತರಕ್ಕೆ, ಅರ್ಜಿಗಳ ವಿಲೇವಾರಿಗೆ ಇಂತಹ ಯಂತ್ರವನ್ನು ಕೊಳ್ಳುವುದಾದರೆ, ಯಾವ ಹುದ್ದೆಗಳ ಕೆಲಸವು ಮಾರ್ಪಡುವುದು, ಆ ಹುದ್ದೆಯಲ್ಲಿರುವವರಿಗೆ ಮುಂದೆ ಯಾವ ಕೆಲಸ, ಹೊರಗುತ್ತಿಗೆಯ ಮೇಲೆ ದುಡಿಯುತ್ತಿರುವವರಿಗೆ ಏನು ಏರ್ಪಾಡು, ಯಂತ್ರದ ತಪ್ಪಿಗೆ ರುಜು ಹಾಕತಕ್ಕವರು ಯಾರು, ಹೊಸಬರಿಗಾಗಿ ಎಷ್ಟು ಸ್ಥಾನಗಳನ್ನು ಕಾದಿಡುವುದು ಎಂಬ ವಿವರವನ್ನು ಟೆಂಡರಿನೊಡನೆಯೇ ಪ್ರಕಟಿಸಲಿ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಲು ಸಮಿತಿಯನ್ನು ನೇಮಿಸುವ ಪದ್ಧತಿಯು ನಮಗೆ ಬೇಕಾದಷ್ಟು ಪರಿಚಿತವಾಗಿದೆ. ಈ ವಿವರವನ್ನು ಟೆಂಡರಿನ ಕಾಗದದಲ್ಲಿ ಸೇರಿಸುವುದಕ್ಕೆ ಹೊಸ ಶಾಸನವಾಗಲಿ, ಶಾಸನಸಭೆಯ ಅಧಿವೇಶನವಾಗಲಿ ಬೇಕಾಗಿಲ್ಲ. ಇಲಾಖೆಯ ಕಾರ್ಯದರ್ಶಿಗಳ ಒಂದು ಸುತ್ತೋಲೆ ಸಾಕು.